ಕೊನೆಗೆ ಉಣ್ಣುವವರ ತಲೆನೋವು

(ಬಾಗಲಕೋಟೆಯ ನವನಗರದಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

ತಲೆನೋವಿನ ಬಗ್ಗೆ ಮಾತಾಡಲು ಕರೆದಾಗ ಸಂಘದ ಅಕ್ಕಂದಿರು ಒಂದು ಮಾತು ಹೇಳಿದ್ದರು. "ಏನ್ ತಿನ್ನಬೇಕು, ಏನ್ ಬಿಡಬೇಕು, ಒಂದ್ ಪಟ್ಟಿ ಮಾಡ್ಕೊಂಡ್ ಬರ್ರಿ." ಪಟ್ಟಿ ತಂದಿದ್ದೇನೆ. ಆದರೆ ಬಿಡಬೇಕಾದವುಗಳ ಪಟ್ಟಿ ಬಹಳ ಚಿಕ್ಕದು. ಆಹಾರ ಸಲಹೆಯ ಕೆಲಸದಲ್ಲಿ ನಾನು ಕಂಡ ಮಟ್ಟಿಗೆ, ನಮ್ಮ ಕಡೆಯ ಹೆಣ್ಣುಮಕ್ಕಳ ತಲೆನೋವನ್ನು ಕೆರಳಿಸುವುದು ತಿಂದ ಪದಾರ್ಥಕ್ಕಿಂತ ತಿನ್ನದೆ ಕಳೆದ ಹೊತ್ತು. ಇವತ್ತು ಜಾಸ್ತಿ ಮಾತಾಡುವುದು ಅದರ ಬಗ್ಗೆಯೇ.

ಮೊದಲು ಯಾವ ತಲೆನೋವು ಅಂತ ಗುರುತಿಸಿಕೊಳ್ಳೋಣ. ತುಂಬಾ ಜನರಿಗೆ ಬರುವುದು ಬಿಗಿತದ ತಲೆನೋವು. ಹಣೆಯ ಎರಡೂ ಕಡೆ ಬಿಗಿಯುತ್ತದೆ, ಕುತ್ತಿಗೆ, ಹೆಗಲು ಹಿಡಿಯುತ್ತವೆ. ಕಿರಿಕಿರಿ ಆಗುತ್ತದೆ, ಆದರೆ ಕೆಲಸ ನಿಲ್ಲುವುದಿಲ್ಲ. ಮೈಗ್ರೇನ್ ಹಾಗಲ್ಲ. ಹೆಚ್ಚಾಗಿ ತಲೆಯ ಒಂದೇ ಕಡೆ ದಬದಬ ಬಡಿದುಕೊಳ್ಳುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ, ಮೆಟ್ಟಿಲು ಹತ್ತಿದರೆ ಇನ್ನೂ ಜೋರಾಗುತ್ತದೆ. ಹೊಟ್ಟೆ ತೊಳಸುತ್ತದೆ, ವಾಂತಿ ಆಗುತ್ತದೆ. ಬೆಳಕು ಬೇಡ, ಸದ್ದು ಬೇಡ, ಒಗ್ಗರಣೆಯ ಘಾಟು ಅಂತೂ ಬೇಡವೇ ಬೇಡ. ಔಷಧಿ ತೆಗೆದುಕೊಳ್ಳದಿದ್ದರೆ 4 ತಾಸಿನಿಂದ 72 ತಾಸಿನವರೆಗೂ ಇರಬಹುದು. ಕೆಲವರಿಗೆ ನೋವು ಶುರುವಾಗುವ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಗೆರೆಗಳು ಮಿನುಗುತ್ತವೆ, ನೋಟದ ಒಂದು ಭಾಗ ಮಸುಕಾಗುತ್ತದೆ, ಅರ್ಧ ತಾಸಿನಲ್ಲೋ ಒಂದು ತಾಸಿನಲ್ಲೋ ಸರಿಹೋಗುತ್ತದೆ.

ನಮ್ಮ ಕಡೆ ಇದಕ್ಕೆ "ಪಿತ್ತ ಕೆರಳೈತಿ" ಅಂತಾರೆ. ವಾಂತಿ ಆದ ಮೇಲೆ ತಲೆ ಸ್ವಲ್ಪ ಹಗುರ ಆಗುತ್ತಲ್ಲ, ಹಾಗಾಗಿ ಪಿತ್ತ ಹೊರಗೆ ಹೋಯಿತು ಅನ್ನಿಸುತ್ತದೆ. ಕೆಲವರು ಗ್ಯಾಸ್ ಅಂತಾರೆ, ಕೆಲವರು ಸೈನಸ್ ಅಂತಾರೆ. ಅಮೆರಿಕದಲ್ಲಿ ತಮಗೆ ಸೈನಸ್ ತಲೆನೋವು ಇದೆ ಅಂತ ನಂಬಿದ್ದ 2,991 ಜನರನ್ನು ವೈದ್ಯರು ಪರೀಕ್ಷೆ ಮಾಡಿದರು. 2004ರಲ್ಲಿ ಬಂದ ಆ ಅಧ್ಯಯನದಲ್ಲಿ 100ಕ್ಕೆ 88 ಜನರ ಲಕ್ಷಣ ಮೈಗ್ರೇನ್‌ಗೇ ಹೊಂದುತ್ತಿತ್ತು. ಹೆಸರು ತಪ್ಪಿದರೆ ಉಪಾಯವೂ ತಪ್ಪುತ್ತದೆ. ಪಿತ್ತ ಅಂದುಕೊಂಡವರು ಏನು ಮಾಡುತ್ತಾರೆ? ಊಟ ಬಿಡುತ್ತಾರೆ. ಮೈಗ್ರೇನ್ ಇರುವವರು ಮಾಡಬಾರದ ಮೊದಲ ಕೆಲಸವೇ ಅದು.

ಇದು ನಮ್ಮ ರಾಜ್ಯದಲ್ಲಿ ಎಷ್ಟು ಜನಕ್ಕಿದೆ ಗೊತ್ತಾ? ನಿಮ್ಹಾನ್ಸ್‌ನ ತಜ್ಞರೂ ಇದ್ದ ತಂಡ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 2,329 ಜನರನ್ನು ಕೇಳಿತು. 2015ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ, ಹಿಂದಿನ ಒಂದು ವರ್ಷದಲ್ಲಿ 100ರಲ್ಲಿ ಸುಮಾರು 64 ಜನರಿಗೆ ತಲೆನೋವು ಬಂದಿತ್ತು, 25 ಜನರಿಗೆ ಮೈಗ್ರೇನ್. ಜಗತ್ತಿನ ಲೆಕ್ಕ 100ಕ್ಕೆ 14ರ ಸುತ್ತಮುತ್ತ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಹಾಗಾಗಿ "ಇಕೀದು ದಿನಾ ಇದ್ದದ್ದ, ನೆವಾ ಮಾಡ್ತಾಳ" ಅಂತ ಯಾರಾದರೂ ಅಂದರೆ ಈ ಸಂಖ್ಯೆ ಹೇಳಿ. ನೆವ ಅಲ್ಲ, ಇದು ನರಮಂಡಲದ ಕಾಯಿಲೆ.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಮಿದುಳಿಗೆ ಸ್ವತಃ ನೋವು ಗೊತ್ತಾಗುವುದಿಲ್ಲ. ಅದರ ಸುತ್ತಲಿನ ಪೊರೆಗೆ, ಅಲ್ಲಿನ ರಕ್ತನಾಳಗಳಿಗೆ ನೋವು ಗೊತ್ತಾಗುತ್ತದೆ. ಮುಖಕ್ಕೂ ಹಣೆಗೂ ಆ ಪೊರೆಗೂ ಹೋಗುವ ಟ್ರೈಜೆಮಿನಲ್ ಅನ್ನುವ ನರ ಕೆರಳಿದಾಗ ಸಿಜಿಆರ್‌ಪಿ ಅನ್ನುವ ವಸ್ತು ಬಿಡುಗಡೆ ಆಗುತ್ತದೆ. ರಕ್ತನಾಳ ಹಿಗ್ಗುತ್ತದೆ, ನೋವಿನ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಇದನ್ನು ಬಿಡಿಸಿ ತೋರಿಸಿದ ನಾಲ್ವರು ವಿಜ್ಞಾನಿಗಳಿಗೆ 2021ರಲ್ಲಿ ಡೆನ್ಮಾರ್ಕ್‌ನ ಬ್ರೇನ್ ಪ್ರೈಜ್ ಸಿಕ್ಕಿತು. ಅದರ ಮೇಲೆಯೇ ಹೊಸ ಔಷಧಿಗಳು ಬಂದಿವೆ.

ನಮಗೆ ಇವತ್ತು ಮುಖ್ಯವಾದದ್ದು ಇನ್ನೊಂದು ಜಾಗ, ಹೈಪೊಥಲಾಮಸ್. ಹಸಿವು, ನೀರಡಿಕೆ, ನಿದ್ದೆ ಇವೆಲ್ಲದರ ಹಿಡಿತ ಇರುವುದು ಅಲ್ಲಿ. ನೋವು ಶುರುವಾಗುವ ಒಂದು ದಿನ ಮೊದಲೇ ಅಲ್ಲಿ ಏರುಪೇರು ಶುರುವಾಗಿರುತ್ತದೆ ಅಂತ ಸ್ಕ್ಯಾನ್‌ಗಳಲ್ಲಿ ಕಂಡಿದ್ದಾರೆ. ಮೈಗ್ರೇನ್ ಸ್ವಭಾವ ಹೆಚ್ಚಾಗಿ ಮನೆತನದಲ್ಲಿ ಬರುತ್ತದೆ, ತಾಯಿಗಿದ್ದರೆ ಮಗಳಿಗೂ ಬರಬಹುದು. ಆ ಸ್ವಭಾವದ ಮಿದುಳಿಗೆ ಬದಲಾವಣೆ ಆಗಿಬರುವುದಿಲ್ಲ. ಇಲ್ಲಿ ನೇಕಾರ ಮನೆಯವರು ಬಹಳ ಜನ ಇದ್ದೀರಿ. ಮಗ್ಗದ ಮೇಲಿನ ಎಳೆ ಬಿಗಿ ಜಾಸ್ತಿಯಾದರೂ ಹರಿಯುತ್ತದೆ, ಸಡಿಲಾದರೂ ಸಿಕ್ಕಾಗುತ್ತದೆ, ಅಲ್ವಾ? ಈ ಮಿದುಳೂ ಹಾಗೆಯೇ. ನಿದ್ದೆ ಕಡಿಮೆಯಾದರೂ ಕೆರಳುತ್ತದೆ, ರವಿವಾರ ಎರಡು ತಾಸು ಜಾಸ್ತಿ ಮಲಗಿದರೂ ಕೆರಳುತ್ತದೆ. ಊಟ ಬಿಟ್ಟರೂ, ಚಹಾ ತಪ್ಪಿದರೂ, ಬಿಸಿಲಿಗೆ ಹೋದರೂ.

ರಬಕವಿ-ಬನಹಟ್ಟಿ ಕಡೆಯ ಒಬ್ಬ ಅಕ್ಕನ ದಿನಚರಿ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಬೆಳಗ್ಗೆ ಐದಕ್ಕೆ ಏಳುತ್ತಾರೆ, ಒಂದು ಕಪ್ ಚಹಾ. ಆಮೇಲೆ ಒಲೆಯ ಮುಂದೆ ಕೂತರೆ ಮೂವತ್ತು ರೊಟ್ಟಿ ಬಡಿದೇ ಏಳುವುದು. ಮಕ್ಕಳ ಡಬ್ಬಿ, ಮಾವನವರ ನಾಷ್ಟಾ, ಗಂಡನ ಬುತ್ತಿ. ಅವರೆಲ್ಲ ಅವಲಕ್ಕಿ ತಿನ್ನುವಾಗ ಇವರದು ಎರಡನೇ ಚಹಾ. ಪಾತ್ರೆ, ಬಟ್ಟೆ ಮುಗಿಸಿ ಮಗ್ಗದ ಕಡೆ ಹೋದರೆ ಹನ್ನೊಂದಕ್ಕೆ ಮೂರನೇ ಚಹಾ. ಎಲ್ಲರ ಊಟ ಆದ ಮೇಲೆ, ಮಧ್ಯಾಹ್ನ ಎರಡೂವರೆಗೆ, ಉಳಿದ ಪಲ್ಯದಲ್ಲಿ ಇವರ ಊಟ. ಹಿಂದಿನ ದಿನ ರಾತ್ರಿ ಉಂಡದ್ದು ಹತ್ತಕ್ಕೆ. ಅಂದರೆ ಹದಿನಾರು ತಾಸಿಗಿಂತ ಜಾಸ್ತಿ ಹೊತ್ತು ಹೊಟ್ಟೆಗೆ ಬರೀ ಚಹಾ! ಹಗಲು ಕರೆಂಟ್ ಹೋದ ದಿನ ರಾತ್ರಿ ಮಗ್ಗ ನಡೆಸಬೇಕು, ನಿದ್ದೆಯೂ ಹೋಯಿತು. ತಲೆನೋವಿನ ಗುಳಿಗೆಯ ಹಾಳೆಯನ್ನು ಸಾಸಿವೆ ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಎದ್ದು ಹುಡುಕುವ ಹೊತ್ತೂ ಇರಬಾರದು ಅಂತ.

"ನನಗ ಯಾವ ಪದಾರ್ಥ ಆಗಿಬರೂದಿಲ್ಲ ನೋಡ್ರಿ ಅಕ್ಕಾರ. ಬದನಿಕಾಯಿ ಬಿಟ್ಟೆ, ಮೊಸರು ಬಿಟ್ಟೆ, ಶೇಂಗಾ ಬಿಟ್ಟೆ, ಹುಳಿ ಬಿಟ್ಟೆ, ಆದರೂ ಹೋಗವಲ್ದು" ಅಂದರು. ಬಿಟ್ಟ ಪದಾರ್ಥಗಳಲ್ಲಿ ಅರ್ಧ ಅವರ ತಲೆಗೆ ಒಳ್ಳೆಯವೇ ಆಗಿದ್ದವು. ನಾನು ಎಲ್ಲವನ್ನೂ ವಾಪಸ್ ತಟ್ಟೆಗೆ ತರಿಸಿದೆ. ಬದಲಾಯಿಸಿದ್ದು ಮುಖ್ಯವಾಗಿ ಒಂದೇ. ಬೆಳಗ್ಗೆ ಎಂಟರ ಒಳಗೆ ಒಂದು ಖಡಕ್ ರೊಟ್ಟಿ, ಒಂದು ವಾಟಿ ಮೊಸರು, ಎರಡು ಚಮಚ ಶೇಂಗಾ ಹಿಂಡಿ. ಅದಕ್ಕೆ ಒಲೆ ಹಚ್ಚಬೇಕಿಲ್ಲ, ಯಾರನ್ನೂ ಕಾಯಬೇಕಿಲ್ಲ. ಎರಡು ತಿಂಗಳಲ್ಲಿ ನೋವಿನ ದಿನಗಳು ಅರ್ಧದಷ್ಟಾದವು. ಪೂರ್ತಿ ಹೋಗಿಲ್ಲ. ಮುಟ್ಟಿನ ದಿನಗಳಲ್ಲಿ ಬರುವ ನೋವು ಹಾಗೇ ಇದೆ. ಆ ಸಮಯದಲ್ಲಿ ಈಸ್ಟ್ರೋಜನ್ ಹಾರ್ಮೋನು ತಟ್ಟನೆ ಇಳಿಯುವುದೇ ಅದಕ್ಕೆ ಕಾರಣ, ಅದಕ್ಕೆ ವೈದ್ಯರು ಬೇರೆ ಔಷಧಿ ಕೊಟ್ಟಿದ್ದಾರೆ. ಊಟ ಎಲ್ಲವನ್ನೂ ಗುಣ ಮಾಡುತ್ತದೆ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಅವರಿಗೆ ರೊಟ್ಟಿ ತಿನ್ನುವುದು ಕಷ್ಟ ಆಗಲಿಲ್ಲ. "ನಾ ಮೊದ್ಲ ಉಂಡ್ರ ಅತ್ತಿ ಏನ್ ಅಂತಾರ್ರಿ?" ಅನ್ನುವುದು ಕಷ್ಟ ಆಗಿತ್ತು. ಇಲ್ಲಿ ಅತ್ತೆಯಂದಿರೂ ಕೂತಿದ್ದೀರಿ, ಕೈ ಮುಗಿದು ಕೇಳುತ್ತೇನೆ. ಸೊಸೆ ಬೆಳಗ್ಗೆ ಎಲ್ಲರ ಜೊತೆ ಉಣ್ಣಲಿ. ನೀವೂ ಒಂದು ಕಾಲಕ್ಕೆ ಹಸಿದುಕೊಂಡು ರೊಟ್ಟಿ ಬಡಿದವರೇ. ಆಗ ನಿಮ್ಮ ತಲೆ ಎಷ್ಟು ನೋಯುತ್ತಿತ್ತು ಅಂತ ನಿಮಗೇ ಗೊತ್ತು.

ಉಪವಾಸ, ಚಹಾ, ಬಿಸಿಲು

ಉಪವಾಸದ ತಲೆನೋವು ಅಂತ ವೈದ್ಯರ ಅಂತರರಾಷ್ಟ್ರೀಯ ಪಟ್ಟಿಯಲ್ಲೇ ಒಂದು ಹೆಸರಿದೆ. 8 ತಾಸಾದರೂ ಹೊಟ್ಟೆಗೆ ಏನೂ ಇಲ್ಲದಾಗ ಬರುವ ನೋವು ಅದು. ಮೈಗ್ರೇನ್ ಇದ್ದವರಿಗೆ ಈ ಅಪಾಯ ಇನ್ನೂ ಜಾಸ್ತಿ. ನಮ್ಮಲ್ಲಿ ಶ್ರಾವಣ ಸೋಮವಾರ, ಏಕಾದಶಿ, ನವರಾತ್ರಿಯ ಒಂಬತ್ತು ದಿನ. ಮುಸ್ಲಿಂ ಅಕ್ಕಂದಿರಿಗೆ ರಂಜಾನ್ ರೋಜಾ. ದೇವರ ಕೆಲಸ ಬಿಡಿ ಅಂತ ಹೇಳಲು ನಾನು ಬಂದಿಲ್ಲ. ಆದರೆ ಹೇಗೆ ಮಾಡಬೇಕು ಅಂತ ತಿಳಿದು ಮಾಡಬಹುದು. ನೀರೂ ಕುಡಿಯದ ಉಪವಾಸ ಮೈಗ್ರೇನ್ ಇದ್ದವರಿಗೆ ಬೇಡ. ಶಾಬುದಾಣಿ ಖಿಚಡಿಯಲ್ಲಿ ಶಾಬುದಾಣಿ ಬರೀ ಪಿಷ್ಟ, ಬೇಗ ಕರಗಿ ಮತ್ತೆ ಹಸಿವಾಗುತ್ತದೆ. ಅದಕ್ಕೆ ಶೇಂಗಾ ಪುಡಿ ಧಾರಾಳ ಹಾಕಿ, ಜೊತೆಗೆ ಮೊಸರು ಇರಲಿ. ಹಾಲು, ಬಾಳೆಹಣ್ಣು, ಖರ್ಜೂರ, ರಾಜಗಿರಿ ಉಂಡೆ ಇವನ್ನು ಎರಡು ಮೂರು ಹೊತ್ತಿಗೆ ಹಂಚಿಕೊಳ್ಳಿ. ರೋಜಾ ಇರಲೇಬೇಕು ಅನ್ನುವವರು ಸಹರಿಯನ್ನು, ಅಂದರೆ ಬೆಳಗಾಗುವ ಮುಂಚಿನ ಊಟವನ್ನು, ಬಿಡಲೇಬೇಡಿ. ಆಗ ರೊಟ್ಟಿ ಅಥವಾ ಚಪಾತಿ, ತತ್ತಿ, ಕಾಳು, ಮೊಸರು ಇರಲಿ. ರಂಜಾನ್‌ನ ಮೊದಲ ದಿನಗಳ ತಲೆನೋವಿಗೆ ಎಷ್ಟೋ ಸಲ ಚಹಾ ತಟ್ಟನೆ ನಿಂತದ್ದೇ ಕಾರಣ. ಹತ್ತು ಹದಿನೈದು ದಿನ ಮೊದಲಿನಿಂದಲೇ ಒಂದೊಂದು ಕಪ್ ಇಳಿಸುತ್ತ ಬಂದರೆ ಅಷ್ಟು ಕಾಡುವುದಿಲ್ಲ.

ಚಹಾದ ವಿಷಯ ಸ್ವಲ್ಪ ನಿಂತು ಹೇಳಬೇಕು. ಚಹಾ, ಕಾಫಿಯಲ್ಲಿರುವ ಕೆಫೀನ್ ಎರಡೂ ಕಡೆ ಕೆಲಸ ಮಾಡುತ್ತದೆ. ನೋವು ಶುರುವಾದಾಗ ಒಂದು ಕಪ್ ಕುಡಿದರೆ ಸ್ವಲ್ಪ ಕಡಿಮೆ ಆಗುವುದು ನಿಜ. ತಲೆನೋವಿನ ಕೆಲವು ಗುಳಿಗೆಗಳಲ್ಲೂ ಕೆಫೀನ್ ಹಾಕಿರುತ್ತಾರೆ. ಆದರೆ ದಿನಾ 200 ಮಿಲಿಗ್ರಾಂ ಮೇಲೆ ರೂಢಿಯಾದ ಮೈಗೆ ಅದು ಸಿಗದಿದ್ದರೆ, 24 ತಾಸಿನೊಳಗೆ ಅದಕ್ಕೇ ತಲೆನೋವು ಬರಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಒಂದು ಸರ್ತಿ ಕುಡಿಯುವ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಅಂತ ಲೆಕ್ಕ ಕೊಟ್ಟಿದ್ದಾರೆ. ದಿನಕ್ಕೆ 300 ಮಿಲಿಗ್ರಾಂ ದಾಟಬಾರದು ಅಂದಿದ್ದಾರೆ. ಐದಾರು ಕಪ್ ಕುಡಿಯುವವರು ಗಡಿಯ ಹತ್ತಿರ ಇದ್ದೀರಿ ಅಂತ ಆಯಿತು. ಮೈಗ್ರೇನ್ ಇದ್ದವರಿಗೆ ನಾನು ಹೇಳುವುದು ದಿನಕ್ಕೆ ಎರಡು ಕಪ್, ದಿನಾ ಅದೇ ಹೊತ್ತಿಗೆ, ಖಾಲಿ ಹೊಟ್ಟೆಗೆ ಬೇಡ. ಒಮ್ಮೆಲೇ ಬಿಡಬೇಡಿ. ನಾಲ್ಕು ದಿನಕ್ಕೊಂದು ಕಪ್ ಇಳಿಸಿ.

ಚಹಾ ಹಸಿವನ್ನು ಮುಚ್ಚಿಹಾಕುತ್ತದೆ ಅನ್ನುವುದು ನನಗೆ ಇನ್ನೂ ದೊಡ್ಡ ಚಿಂತೆ. ಆ ಅಕ್ಕನ ಮೂರು ಚಹಾ ಅವರ ಮೂರು ತುತ್ತನ್ನು ತಪ್ಪಿಸಿದ್ದವು.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರದಲ್ಲಿ 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರಲ್ಲಿ ತಲೆನೋವು ಅಂತ ಕೂತುಬಿಡುವವರನ್ನು ನೀವೂ ನೋಡಿರುತ್ತೀರಿ. ಬೆವರಿನ ಜೊತೆ ಉಪ್ಪೂ ಹೋಗಿರುತ್ತದೆ, ಬರೀ ನೀರು ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ, ಇಂಡಿ ಕಡೆಯ ಲಿಂಬೆಹಣ್ಣಿನ ಪಾನಕಕ್ಕೆ ಚಿಟಿಕೆ ಉಪ್ಪು, ಇವೆಲ್ಲ ಅಂಗಡಿಯ ಬಣ್ಣದ ನೀರಿಗಿಂತ ಎಷ್ಟೋ ಮೇಲು. ಹೊಲಕ್ಕೆ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರು ನೀರಡಿಕೆ ಆಗುವ ತನಕ ಕಾಯಬೇಡಿ. ಹೊರಗೆ ಶೌಚಾಲಯ ಇಲ್ಲ ಅಂತ ನೀರು ಕುಡಿಯದೆ ಇರುವ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ! ಅವರ ತಲೆನೋವಿಗೆ ನನ್ನ ಹತ್ತಿರ ಆಹಾರದ ಉತ್ತರ ಇಲ್ಲ. ಆ ಉತ್ತರವನ್ನು ಪಂಚಾಯಿತಿಯೂ ಕೆಲಸ ಕೊಡುವವರೂ ಕೊಡಬೇಕು. ಸಂಘದ ಕಡೆಯಿಂದ ನೀವು ಅದನ್ನು ಗಟ್ಟಿಯಾಗಿ ಕೇಳಿ.

ತಟ್ಟೆಯಲ್ಲಿ ಏನಿರಲಿ

ಈಗ ನೀವು ಕೇಳಿದ ಪಟ್ಟಿಗೆ ಬರುತ್ತೇನೆ. ಮೈಗ್ರೇನ್ ವಿಷಯದಲ್ಲಿ ಹೆಚ್ಚು ಮಾತಾಡುವ ಖನಿಜ ಮೆಗ್ನೀಸಿಯಂ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2012ರಲ್ಲಿ ಮೆಗ್ನೀಸಿಯಂ ಮತ್ತು ಬಿ2 ಜೀವಸತ್ವವನ್ನು ಮೈಗ್ರೇನ್ ತಡೆಗೆ "ಬಹುಶಃ ಉಪಯುಕ್ತ" ಅನ್ನುವ ಸಾಲಿನಲ್ಲಿ ಇಟ್ಟಿತ್ತು. ಆ ಪ್ರಯೋಗಗಳೆಲ್ಲ ಗುಳಿಗೆಯಲ್ಲಿ ದೊಡ್ಡ ಪ್ರಮಾಣ ಕೊಟ್ಟು ಮಾಡಿದವು. ಉದಾಹರಣೆಗೆ 1998ರ ಬಿ2 ಪ್ರಯೋಗದಲ್ಲಿ ದಿನಕ್ಕೆ 400 ಮಿಲಿಗ್ರಾಂನಂತೆ ಮೂರು ತಿಂಗಳು ಕೊಟ್ಟಿದ್ದರು. ನಮ್ಮ ದಿನದ ಊಟದಿಂದ ಬರುವುದು 1, 2 ಮಿಲಿಗ್ರಾಂ ಅಷ್ಟೇ. ಹಾಗಾಗಿ "ಹಾಲು ಕುಡಿದರೆ ಮೈಗ್ರೇನ್ ಹೋಗುತ್ತದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಲು, ಮೊಸರು, ತತ್ತಿ ತಿನ್ನಬೇಕಾದ್ದು ಕೊರತೆ ಆಗಬಾರದು ಅಂತ. ದೊಡ್ಡ ಪ್ರಮಾಣದ ಗುಳಿಗೆ ಬೇಕೋ ಬೇಡವೋ ಅಂತ ವೈದ್ಯರು ಹೇಳಲಿ. ಕಿಡ್ನಿ ತೊಂದರೆ ಇದ್ದವರು ಮೆಗ್ನೀಸಿಯಂ ಗುಳಿಗೆಯನ್ನು ತಾವಾಗಿಯೇ ನುಂಗಲೇಬಾರದು.

ಆದರೆ ಮೆಗ್ನೀಸಿಯಂ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕದ ತಟ್ಟೆ ಬಹಳ ಗಟ್ಟಿ. ದೊಡ್ಡ ಹೆಂಗಸಿಗೆ ದಿನಕ್ಕೆ 370 ಮಿಲಿಗ್ರಾಂ ಬೇಕು ಅಂತ ನಮ್ಮ ದೇಶದ ಲೆಕ್ಕ. 100 ಗ್ರಾಂ ಜೋಳದ ಹಿಟ್ಟಿನಲ್ಲಿ 130 ಮಿಲಿಗ್ರಾಂ ಆಸುಪಾಸು ಇದೆ, ಸಜ್ಜೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಕಾಲುಭಾಗವೂ ಇಲ್ಲ. ಎಳ್ಳು, ಅಗಸಿ, ಶೇಂಗಾ ಇವುಗಳಲ್ಲಿ ಇನ್ನೂ ಜಾಸ್ತಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಅಗಸಿ ಹಿಂಡಿ, ಮಡಕಿ ಕಾಳಿನ ಪಲ್ಯ, ಹಸಿ ಮೆಂತ್ಯೆ, ಹಕ್ಕರಿಕೆ, ರಾಜಗಿರಿ ಪಲ್ಯ, ಇಷ್ಟು ಇದ್ದ ಊಟದಲ್ಲಿ ಮೆಗ್ನೀಸಿಯಂಗೆ ಬರ ಇಲ್ಲ. ನನ್ನ ಸಂಕಟ ಏನೆಂದರೆ ಈಗ ಪಟ್ಟಣದ ಮನೆಗಳಲ್ಲಿ ರೊಟ್ಟಿ ರಾತ್ರಿಯ ಒಂದು ಹೊತ್ತಿಗೆ ಇಳಿದಿದೆ. ಬೆಳಗ್ಗೆ ಚಹಾ-ಟೋಸ್ಟ್, ಮಧ್ಯಾಹ್ನ ಅನ್ನ-ಸಾರು, ಸಂಜೆ ಮಿರ್ಚಿ-ಚುರಮುರಿ. ಬಡತನದಿಂದ ರೊಟ್ಟಿ ಬಿಟ್ಟವರು ಕಡಿಮೆ, ಪುರಸೊತ್ತಿಲ್ಲದೆ ಬಿಟ್ಟವರೇ ಜಾಸ್ತಿ. ಇಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಸಂಘದವರೂ ಇದ್ದೀರಿ. ರೊಟ್ಟಿ ಬಡಿಯಲು ಹೊತ್ತಿಲ್ಲದವರು ಅವರ ಹತ್ತಿರ ತಗೊಳ್ಳಿ.

ಎಣ್ಣೆಯ ಬಗ್ಗೆ ಅಮೆರಿಕದಲ್ಲಿ ಮಾಡಿದ ಒಂದು ಒಳ್ಳೆಯ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಮೈಗ್ರೇನ್ ಇದ್ದ 182 ಜನರಿಗೆ 16 ವಾರ ಬೇರೆ ಬೇರೆ ಊಟ ಕೊಟ್ಟರು. ಮೀನಿನಲ್ಲಿರುವ ಒಮೆಗಾ-3 ಅನ್ನುವ ಕೊಬ್ಬಿನಂಶ ಜಾಸ್ತಿ ಮಾಡಿ, ಕೆಲವು ಅಡುಗೆ ಎಣ್ಣೆಗಳಲ್ಲಿ ತುಂಬಿರುವ ಒಮೆಗಾ-6 ಅನ್ನುವ ಇನ್ನೊಂದು ಕೊಬ್ಬಿನಂಶ ಕಡಿಮೆ ಮಾಡಿದವರಿಗೆ, ಮಾಮೂಲಿ ಊಟದವರಿಗಿಂತ ತಿಂಗಳಿಗೆ 4 ದಿನ ತಲೆನೋವು ಕಡಿಮೆ ಆಯಿತು. ಬರೀ ಒಮೆಗಾ-3 ಜಾಸ್ತಿ ಮಾಡಿದವರಿಗೆ 2 ದಿನ. ಇದನ್ನು ನಮ್ಮ ಅಡುಗೆಮನೆಗೆ ತರುವುದು ಹೇಗೆ? ಮೀನು ತಿನ್ನುವವರು ವಾರಕ್ಕೆ ಎರಡು ಸಲ ಬಂಗಡೆ, ತಾರಲೆ ಅಂಥ ಸಮುದ್ರದ ಮೀನು ತಿನ್ನಿ. ಗೋವಾದ ಮೀನು ಬರುವ ಬೆಳಗಾವಿ ಕಡೆಯವರಿಗೆ ಇದು ಸುಲಭ. ಕೃಷ್ಣೆಯ ಮೀನೂ ಒಳ್ಳೆಯದೇ, ಆದರೆ ಬಂಗಡೆಯಷ್ಟು ಒಮೆಗಾ-3 ಅದರಲ್ಲಿ ಸಿಗುವುದಿಲ್ಲ. ಮೀನು ತಿನ್ನದವರಿಗೆ ಅಗಸಿ ಇದೆ. ಅಗಸಿಯ ಒಮೆಗಾ-3 ಬೇರೆ ಜಾತಿಯದು, ಮೈಯಲ್ಲಿ ಮೀನಿನದಾಗಿ ಮಾರ್ಪಡುವುದು ಬಹಳ ಕಡಿಮೆ. ಆದರೂ ದಿನಾ ಎರಡು ಚಮಚ ಅಗಸಿ ಹಿಂಡಿ ಇರಲಿ, ಅದರ ಮೆಗ್ನೀಸಿಯಂ ಅಂತೂ ಸಿಗುತ್ತದೆ. ಇನ್ನು ಎಣ್ಣೆ. ನಮ್ಮ ಕುಸುಬಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಎರಡರಲ್ಲೂ ಒಮೆಗಾ-6 ಬಹಳ. ಕುಸುಬಿ ಎಣ್ಣೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಅದನ್ನೇ ಉಂಡು ನಾವು ಬೆಳೆದಿದ್ದೇವೆ. ಮೈಗ್ರೇನ್ ಇದ್ದವರು ಅದೊಂದನ್ನೇ ಬಳಸದೆ ಶೇಂಗಾ ಎಣ್ಣೆಯ ಜೊತೆ ಅದಲುಬದಲು ಮಾಡಿ, ಒಟ್ಟು ಕರಿದದ್ದು ಕಡಿಮೆ ಮಾಡಿ ಅಂತ ಹೇಳುತ್ತೇನೆ.

ರಕ್ತಹೀನತೆ ಮರೆಯಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ ಸುಮಾರು 48 ಜನರಿಗೆ ರಕ್ತ ಕಡಿಮೆ ಇತ್ತು. ರಕ್ತ ಕಡಿಮೆ ಇದ್ದರೆ ಸುಸ್ತು, ಏದುಸಿರು, ಅದರ ಜೊತೆ ತಲೆನೋವು. ಪಿಎಚ್‌ಸಿಯಲ್ಲಿ ಹಿಮೋಗ್ಲೋಬಿನ್ ನೋಡುತ್ತಾರೆ, ಮಾಡಿಸಿಕೊಳ್ಳಿ. ಸೊಪ್ಪಿನ ಪಲ್ಯದ ಮೇಲೆ ಲಿಂಬೆಹಣ್ಣು ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟ ಮಾಡಿದ ಕೂಡಲೇ ಚಹಾ ಕುಡಿದರೆ ಅದು ಸರಿಯಾಗಿ ಹತ್ತುವುದಿಲ್ಲ. ನಡುವೆ ಒಂದು ತಾಸು ಬಿಡಿ.

ಬಿಡಬೇಕಾದ್ದು? ಸಾರಾಯಿ, ವೈನು ಎಲ್ಲವೂ ಮೈಗ್ರೇನ್ ಕೆರಳಿಸಬಹುದು, ಮನೆಯ ಗಂಡಸರಿಗೆ ಹೇಳಿ. ಕೆಲವರಿಗೆ ಗೋಬಿ ಮಂಚೂರಿ, ನೂಡಲ್ಸ್‌ಗೆ ಹಾಕುವ ಅಜಿನೊಮೊಟೊ ಆಗಿಬರುವುದಿಲ್ಲ, ಕೆಲವರಿಗೆ ಏನೂ ಆಗುವುದಿಲ್ಲ. ಸಿಹಿಯ ಬಗ್ಗೆ ಒಂದು ಮಾತು. "ನಿನ್ನಿ ಅಮೀನಗಡದ ಕರದಂಟು ತಿಂದೆ, ಇವತ್ತ ತಲಿ ಎದ್ದೈತಿ" ಅಂತ ಬಹಳ ಜನ ಹೇಳುತ್ತಾರೆ. ಆಗಲೇ ಹೇಳಿದೆನಲ್ಲ, ನೋವಿಗೆ ಒಂದು ದಿನ ಮೊದಲೇ ಮಿದುಳಿನಲ್ಲಿ ಏರುಪೇರು ಶುರುವಾಗಿರುತ್ತದೆ. ಸಿಹಿ ತಿನ್ನಬೇಕು ಅನ್ನಿಸುವುದು, ಮೇಲಿಂದ ಮೇಲೆ ಆಕಳಿಸುವುದು, ಸುಮ್ನೆ ಸಿಟ್ಟು ಬರುವುದು, ಇವೆಲ್ಲ ಎಷ್ಟೋ ಸಲ ಬರುತ್ತಿರುವ ಮೈಗ್ರೇನ್‌ನ ಮುನ್ಸೂಚನೆ. ಅಂದರೆ ನೋವು ಬರಲಿತ್ತು ಅಂತಲೇ ಕರದಂಟು ನೆನಪಾಗಿರಬಹುದು. ಒಂದು ಸಲ ಆಯಿತು ಅಂತ ಯಾವ ಪದಾರ್ಥವನ್ನೂ ಬಿಡಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನೋವು ಬಂದ ದಿನ ದುಂಡು ಗುರುತು, ನುಂಗಿದ ಗುಳಿಗೆಗೆ ಒಂದು ಗೆರೆ, ಮುಟ್ಟಿನ ದಿನ, ಊಟ ತಪ್ಪಿದ ದಿನ. ಮೂರು ತಿಂಗಳು ಹಾಕಿದರೆ ಅದೇ ನಿಮಗೆ ಉತ್ತರ ಹೇಳುತ್ತದೆ, ವೈದ್ಯರಿಗೂ ಬಹಳ ಉಪಯೋಗ.

ಗುಳಿಗೆ ಮತ್ತು ದವಾಖಾನೆ

ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಗುಳಿಗೆಯ ವಿಷಯ ಹೇಳದೆ ಮುಗಿಸಲಾರೆ. ಸಾದಾ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ, ಎರಡು ಮೂರು ಔಷಧಿ ಸೇರಿಸಿದ ಗುಳಿಗೆಯನ್ನು 10 ದಿನ, ಹೀಗೆ ಮೂರು ತಿಂಗಳ ಮೇಲೆ ತಿಂದರೆ ಆ ಗುಳಿಗೆಯಿಂದಲೇ ತಲೆನೋವು ಹೆಚ್ಚುತ್ತದೆ. ಆಗ ಎಷ್ಟು ಒಳ್ಳೆಯ ಊಟ ಮಾಡಿದರೂ ಗುಣ ಕಾಣುವುದಿಲ್ಲ. ಕ್ಯಾಲೆಂಡರಿನಲ್ಲಿ ಗೆರೆಗಳು ವಾರಕ್ಕೆ ಎರಡಕ್ಕಿಂತ ಜಾಸ್ತಿ ಇದ್ದರೆ ವೈದ್ಯರ ಹತ್ತಿರ ಹೋಗಿ. ದಿನಾ ತೆಗೆದುಕೊಂಡು ಮೈಗ್ರೇನ್ ಬರದಂತೆ ತಡೆಯುವ ಔಷಧಿಗಳಿವೆ. ನೋವು ಬಂದಾಗ ತೆಗೆದುಕೊಳ್ಳುವ ಗುಳಿಗೆಯನ್ನು ಶುರುವಿನಲ್ಲೇ ತೆಗೆದುಕೊಳ್ಳಬೇಕು. ನೋವು ಏರಿದ ಮೇಲೆ ಹೊಟ್ಟೆಯ ಕೆಲಸವೂ ನಿಧಾನವಾಗುತ್ತದೆ, ಗುಳಿಗೆ ಮೈಗೆ ಹತ್ತುವುದು ತಡವಾಗುತ್ತದೆ.

ಮತ್ತು ಇಷ್ಟನ್ನು ದಯವಿಟ್ಟು ನೆನಪಿಡಿ. ತಟ್ಟನೆ, ಕ್ಷಣದಲ್ಲಿ ಏರಿದ, ಹಿಂದೆಂದೂ ಬಂದಿರದಷ್ಟು ಜೋರಿನ ತಲೆನೋವು. ಜ್ವರದ ಜೊತೆ ಕುತ್ತಿಗೆ ಬಗ್ಗಿಸಲು ಆಗದ ತಲೆನೋವು. ಮಾತು ತೊದಲುವುದು, ಕೈಕಾಲು ಸೋಲುವುದು, ಫಿಟ್ಸ್. ತಲೆಗೆ ಪೆಟ್ಟು ಬಿದ್ದ ಮೇಲಿನ ತಲೆನೋವು. ಗರ್ಭಿಣಿಗೆ ಬಂದ ಜೋರಿನ ತಲೆನೋವು, ಅದರಲ್ಲೂ ಕಣ್ಣು ಮಂಜಾದರೆ. ಇವು ಅಂಬಲಿ, ಶುಂಠಿ ಅಂತ ಮನೆಯಲ್ಲಿ ಕೂರುವ ವಿಷಯ ಅಲ್ಲ, 108ಕ್ಕೆ ಫೋನ್ ಮಾಡಿ. 50 ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವನ್ನೂ ತಡಮಾಡದೆ ತೋರಿಸಿ. ಕಣ್ಣ ಮುಂದೆ ಗೆರೆ ಮಿನುಗುವ ಮೈಗ್ರೇನ್ ಇರುವವರು ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವ ಮುಂಚೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಈಸ್ಟ್ರೋಜನ್ ಇರುವ ಗುಳಿಗೆಯಿಂದ ಅವರಿಗೆ ಪಾರ್ಶ್ವವಾಯುವಿನ ಅಪಾಯ ಜಾಸ್ತಿ.

ಕೇಳಿದ ಪ್ರಶ್ನೆಗಳು

*ಶುಂಠಿ ಕಷಾಯ ಕುಡಿದರ ಕಡಿಮಿ ಆಗತೈತೇನ್ರಿ?*

ಹೊಟ್ಟೆ ತೊಳಸುವುದಕ್ಕೆ ಶುಂಠಿ ಒಳ್ಳೆಯದು. ಇರಾನಿನಲ್ಲಿ 100 ಜನರ ಮೇಲೆ ಒಂದು ಪ್ರಯೋಗ ಮಾಡಿದ್ದರು. ಶುಂಠಿ ಪುಡಿಯೂ ಮೈಗ್ರೇನ್ ಗುಳಿಗೆಯೂ ಹೆಚ್ಚುಕಡಿಮೆ ಒಂದೇ ಗುಣ ಕೊಟ್ಟವು. ಒಂದು ಚಿಕ್ಕ ಪ್ರಯೋಗದ ಮೇಲೆ ಗುಳಿಗೆ ಬಿಡಿ ಅಂತ ಹೇಳಲಾರೆ. ಜೊತೆಗೆ ಕುಡಿಯಿರಿ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ.

*ನೋವು ಬಂದಾಗ ಏನೂ ಸೇರೂದಿಲ್ಲ, ಉಣ್ಣೂದು ಹ್ಯಾಂಗ?*

ಆಗ ಒತ್ತಾಯ ಬೇಡ. ಗುಟುಕು ಗುಟುಕಾಗಿ ಮಜ್ಜಿಗೆ, ಗಂಜಿ, ಒಂದು ತುಂಡು ಬೆಲ್ಲ. ಕತ್ತಲು ಕೋಣೆಯಲ್ಲಿ ಮಲಗಿ. ನಾನು ಹೇಳಿದ ಊಟದ ಹೊತ್ತು ಉಳಿದ ದಿನಗಳಿಗೆ. ವಾಂತಿ ನಿಲ್ಲದಿದ್ದರೆ ದವಾಖಾನೆಗೆ ಹೋಗಬೇಕು, ಅಲ್ಲಿ ಇಂಜೆಕ್ಷನ್ ಕೊಡುತ್ತಾರೆ.

*ನನ್ನ ಮಗಳು ಆರನೇತ್ತೆ. ಸಾಲಿಯಿಂದ ಬಂದು ತಲಿನೋವು, ಹೊಟ್ಟಿನೋವು ಅಂತಾಳ. ಸಾಲಿ ತಪ್ಪಿಸಾಕ ಹೇಳ್ತಾಳೇನೊ ಅಂತ ಅವರಪ್ಪ ಬೈತಾರ.*

ಬೈಯಬೇಡಿ ಅಂತ ಹೇಳಿ. ಮಕ್ಕಳಿಗೂ ಮೈಗ್ರೇನ್ ಬರುತ್ತದೆ. ಅವರಲ್ಲಿ ಎರಡು ತಾಸಿನಲ್ಲೇ ಮುಗಿಯಬಹುದು, ಹಣೆಯ ಎರಡೂ ಕಡೆ ನೋಯಬಹುದು, ಜೊತೆಗೆ ಹೊಟ್ಟೆನೋವು ಇರಬಹುದು. ಬೆಳಗ್ಗೆ ಏನು ತಿಂದು ಹೋಗುತ್ತಾಳೆ ಕೇಳಿದೆ. ಚಹಾ ಮತ್ತು ಎರಡು ಬಿಸ್ಕತ್ತು ಅಂದಿರಿ. ಆಮೇಲೆ ಬಿಸಿಯೂಟದ ತನಕ ಏನೂ ಇಲ್ಲ. ನಾಳೆಯಿಂದ ಚಹಾ ನಿಲ್ಲಿಸಿ. ಮೊಸರು-ರೊಟ್ಟಿ ಅಥವಾ ಶೇಂಗಾ ಹಾಕಿದ ಅವಲಕ್ಕಿ ತಿನ್ನಿಸಿ ಕಳಿಸಿ, ನೀರಿನ ಬಾಟಲಿ ಕೊಡಿ, ವಾಪಸ್ ಬರುವಾಗ ಖಾಲಿ ಆಗಿದೆಯಾ ನೋಡಿ. ಶಾಲೆಯಲ್ಲಿ ಕೊಡುವ ಹಾಲು, ತತ್ತಿ ತಪ್ಪಿಸಬಾರದು ಅಂತ ಹೇಳಿ. ರಾತ್ರಿ ಮೊಬೈಲ್ ತೆಗೆದಿಟ್ಟು ಒಂದೇ ಹೊತ್ತಿಗೆ ಮಲಗಿಸಿ. ಬೋರ್ಡ್ ಕಾಣಿಸುತ್ತದೆಯಾ ಅಂತ ಕೇಳಿ, ಈ ವಾರವೇ ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ. ಬೆಳಗ್ಗೆ ಏಳುವಾಗಲೇ ತಲೆನೋವು, ವಾಂತಿ ಇದ್ದರೆ, ನಡೆಯುವಾಗ ತೂಗಾಡಿದರೆ, ಊಟ ಬದಲಾಯಿಸುತ್ತ ಕಾಯಬೇಡಿ, ಅವತ್ತೇ ಮಕ್ಕಳ ವೈದ್ಯರಿಗೆ ತೋರಿಸಿ.